ಫೋಟೊದಲ್ಲಿದ್ದ ಚಿಲಕ

ನಂಜನಗೂಡು ಬಸ್ ಸ್ಟ್ಯಾಂಡಿನ ಎದುರುಗಲ್ಲಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅಂಗಡಿ ಇಟ್ಟುಕೊಂಡಿದ್ದೇನೆ. ಝೆರಾಕ್ಸು, ಲ್ಯಾಮಿನೇಷನ್ನು, ಮದುವೆ ಕಾರ್ಡು, ಫ್ಲೆಕ್ಸು, ಕೇಳಿದವರಿಗೆ ವೆಬ್‌ಸೈಟು. ಬೋರ್ಡಿನ ಮೇಲೆ ‘ಶಿವರಂಜನಿ ಗ್ರಾಫಿಕ್ಸ್’ ಅಂತ ನನ್ನ ಹೆಸರೇ ಇದೆ, ಬಿಸಿಲಿಗೆ ‘ಶಿವ’ ಮಾಸಿಹೋಗಿ ರಂಜನಿ ಮಾತ್ರ ಉಳಿದಿದ್ದಾಳೆ.

ಈ ಹತ್ತೊಂಬತ್ತು ವರ್ಷದಲ್ಲಿ ‘ಸುಸಜ್ಜಿತ’ ಎಂಬ ಪದವನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ಆ ನಂಜುಂಡನಿಗೇ ಗೊತ್ತು. ಸುಸಜ್ಜಿತ ಕಲ್ಯಾಣ ಮಂಟಪ, ಸುಸಜ್ಜಿತ ಪ್ರಯೋಗಾಲಯ, ಸುಸಜ್ಜಿತ ನರ್ಸಿಂಗ್ ಹೋಮು. ಯಾವುದರ ಒಳಗೂ ಹೋಗಿ ನೋಡಿದವಳಲ್ಲ. ನಮ್ಮ ಕಸುಬಿನಲ್ಲಿ ಒಂದು ಮಾತಿದೆ: ಇವತ್ತು ಹಾಕು, ನಾಳೆ ನಿಜ ಆಗುತ್ತೆ. ಗುದ್ದಲಿ ಪೂಜೆಯಾಗದ ರಸ್ತೆಗೆ ಕಪ್ಪಗೆ ಮಿರಮಿರ ಮಿಂಚುವ ಇನ್ಯಾವುದೋ ಊರಿನ ರಸ್ತೆಯ ಫೋಟೊ ಹಾಕಿ ಫ್ಲೆಕ್ಸ್ ಮಾಡಿಕೊಟ್ಟಿದ್ದೇನೆ. ಕೆಲವು ರಸ್ತೆ ಆದವು, ಕೆಲವು ಆಗಲಿಲ್ಲ. ಆಗದ ರಸ್ತೆಯ ಫ್ಲೆಕ್ಸು ಯಾರದೋ ಕೊಟ್ಟಿಗೆಯ ಮೇಲೆ ಹೊದಿಕೆಯಾಯಿತು. ಯಾರೂ ಬಂದು ನನ್ನನ್ನು ಕೇಳಲಿಲ್ಲ.

ಮಾರ್ಚಿನಲ್ಲಿ ತಿ. ನರಸೀಪುರದಿಂದ ಮಾದಯ್ಯನವರು ಫೋನ್ ಮಾಡಿದರು. ಅಕ್ಕಿ ಗಿರಣಿ ಇರುವವರು, ಮಠದ ಕಡೆ ಓಡಾಟ ಉಳ್ಳವರು, ಅಲ್ಲಿನ ಒಂದು ಹೆಣ್ಣುಮಕ್ಕಳ ಪಿಯು ಕಾಲೇಜಿನ ಅಧ್ಯಕ್ಷರು. ಕಾಲೇಜಿನ ಹೆಸರು ಇಲ್ಲಿ ಬೇಡ ಬಿಡಿ. ಕಾಲೇಜಿಗೆ ಸೇರಿದ ಹಾಸ್ಟೆಲ್ಲೂ ಒಂದಿದೆ. ಅರವತ್ತು ಹುಡುಗಿಯರಿಗೆ ಜಾಗವಿದ್ದರೆ ಹಿಂದಿನ ವರ್ಷ ಇದ್ದವರು ಹದಿನೇಳು. ಮೊದಲೆಲ್ಲ ಬೇಸಿಗೆಯಲ್ಲಿ ಮೇಷ್ಟ್ರುಗಳು ಹಳ್ಳಿಹಳ್ಳಿ ಸುತ್ತಿ, ಎಸ್ಸೆಸ್ಸೆಲ್ಸಿ ಪಾಸಾದವರ ಮನೆ ಹುಡುಕಿಕೊಂಡು ಹೋಗಿ ಕರೆತರುತ್ತಿದ್ದರಂತೆ. ಈಗ ಮೇಷ್ಟ್ರು ಮನೆಗೆ ಹೋದರೆ ಅಪ್ಪ ಕಾಫಿ ಕೊಡುತ್ತಾನೆ, ಮಗಳು ಫೋನ್ ನೋಡಿಕೊಂಡು ಇನ್ನೊಂದು ಕಾಲೇಜಿನ ಹೆಸರು ಹೇಳುತ್ತಾಳೆ. ಇದು ಮಾದಯ್ಯನವರ ದುಃಖ.

“ಹದಿನಾರು ವರ್ಷದ ಹೆಣ್‌ಮಕ್ಳು ನೋಡ್ದೇಟ್ಗೇ ಬಂದು ಸೇರ್ಕಬೇಕು ಕಣವ್ವ, ಅಂಗ್ ಮಾಡ್ಕೊಡು ವೆಬ್‌ಸೈಟ” ಅಂದರು. ಅಂದು, ಸಂಜೆಯೊಳಗೆ ವಾಟ್ಸಾಪಿನಲ್ಲಿ ಹದಿನಾಲ್ಕು ಫೋಟೊ ಕಳಿಸಿದರು. ಸ್ವಾಮೀಜಿ, ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಆಮೇಲೆ ನಿರ್ದೇಶಕರು. ಯಾರ ಫೋಟೊ ಯಾರಿಗಿಂತ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೆ ಬೇರೆಯೇ ಒಂದು ವಾಯ್ಸ್ ಮೆಸೇಜು. ಹುಡುಗಿಯರದ್ದು ಒಂದೂ ಫೋಟೊ ಇರಲಿಲ್ಲ.

ನಾನೂ ಅವರು ಹೇಳಿದ ಹಾಗೇ ಮಾಡಿದೆ. ನನಗೆ ನಲವತ್ತಮೂರು, ಗಿರಾಕಿಗಳ ಜೊತೆ ವಾದ ಮಾಡುವ ವಯಸ್ಸು ದಾಟಿದೆ. ದುಂಡಗಿನ ಚೌಕಟ್ಟಿನೊಳಗೆ ಹದಿನಾಲ್ಕು ಮುಖ, ಸುತ್ತ ಚೆಂಡುಹೂವಿನ ಅಂಚು, ಕೆಳಗೆ ಬಲದಿಂದ ಎಡಕ್ಕೆ ಓಡುವ ಅಕ್ಷರ: ಸುಸಜ್ಜಿತ ವಸತಿ ನಿಲಯ.

ಪರೀಕ್ಷೆ ಮುಗಿಸಿದ ಹುಡುಗಿಯರು ಆ ದಿನಗಳಲ್ಲಿ ಜಾತಿ ಪತ್ರ, ಆದಾಯ ಪತ್ರ ಅಂತ ಝೆರಾಕ್ಸಿಗೆ ಬರುತ್ತಿದ್ದರು. ಯಾರಿಗಾಗಿ ಮಾಡಿದ್ದೋ ಅವರಿಗೇ ತೋರಿಸೋಣ ಅಂತ ನನ್ನ ಫೋನಿನಲ್ಲಿ ಸೈಟ್ ತೆಗೆದು ಅವರ ಕೈಗೆ ಕೊಡುತ್ತಿದ್ದೆ. ಒಬ್ಬೊಬ್ಬಳದೂ ಒಂದೇ ಕಥೆ: ಹೆಬ್ಬೆರಳಿನಿಂದ ಎರಡು ಸಲ ಸರ್ರನೆ ಮೇಲಕ್ಕೆ ತಳ್ಳುವುದು, ‘ಚೆನ್ನಾಗಿದೆ ಆಂಟಿ’ ಅನ್ನುವುದು, ಫೋನ್ ವಾಪಸ್ ಕೊಡುವುದು. ಆ ‘ಚೆನ್ನಾಗಿದೆ’ ನನಗೆ ಗೊತ್ತು, ಮದುವೆ ಮನೆಯಲ್ಲಿ ಹಳಸಿದ ಪಾಯಸಕ್ಕೂ ಹಾಗೇ ಅನ್ನುತ್ತಾರೆ. ಹೆಡತಲೆ ಊರಿನಿಂದ ಬಂದಿದ್ದ ಒಬ್ಬಳು ಮಾತ್ರ ಹಾಗನ್ನಲಿಲ್ಲ. ಸಣಕಲು ಹುಡುಗಿ, ಎರಡು ಜಡೆ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಹದಿನಾಲ್ಕು ಮುಖಗಳನ್ನೂ ನಿಧಾನವಾಗಿ ನೋಡಿ, ಮರುಕದಿಂದ ಕೇಳಿದಳು.

“ಇವ್ರೆಲ್ಲ ತೀರೋಗವ್ರಾ ಆಂಟಿ?”

ಶ್ರದ್ಧಾಂಜಲಿ ಫ್ಲೆಕ್ಸ್ ಅಂದುಕೊಂಡಿದ್ದಳು. ಬಹಳ ದಿನದ ಮೇಲೆ ನನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು. ಅವಳ ಹೆಸರು ಬಿಂದುಶ್ರೀ ಅಂತ ಆಗಲೇ ಕೇಳಿಕೊಂಡೆ.

ಏನಿದ್ದರೆ ನೋಡುತ್ತೀಯ ಅಂತ ಕೇಳಿದರೆ ಕಂಕುಳಿನ ಫೈಲನ್ನು ಸರಿಮಾಡಿಕೊಂಡಳು. ಈ ವಯಸ್ಸಿನವರ ಹತ್ತಿರ ಎದುರು ನಿಂತು ಕೇಳಿದರೆ ಏನೂ ಬರುವುದಿಲ್ಲ. ನಾನು ಬೆನ್ನು ತಿರುಗಿಸಿ ಅವಳ ಆಧಾರ್ ಕಾರ್ಡನ್ನು ಲ್ಯಾಮಿನೇಷನ್ ಮಾಡುತ್ತಿದ್ದಾಗ ತಾನಾಗಿ ಶುರುಮಾಡಿದಳು. ಹಾಸ್ಟೆಲ್ಲಿನಲ್ಲಿ ಫೋನು ಯಾವತ್ತು ಕೊಡುತ್ತಾರೆ, ಹಬ್ಬಕ್ಕೆ ಊರಿಗೆ ಕಳಿಸುತ್ತಾರಾ, ಮುದ್ದೆ ಮಾಡುತ್ತಾರೋ ಬರೀ ಅನ್ನವೋ, ಮುಟ್ಟಾದಾಗ ಬಟ್ಟೆ ಎಲ್ಲಿ ಒಣಹಾಕುವುದು. ಕೊನೆಗೆ ದನಿ ತಗ್ಗಿಸಿ, ಬಾತ್‌ರೂಮಿಗೆ ಒಳಗಿಂದ ಚಿಲಕ ಇರುತ್ತದಾ ಅಂದಳು.

ಆ ಚಿಲಕದ ಹಿಂದೆ ಒಂದು ಕಥೆಯಿತ್ತು. ಅವಳ ಅಕ್ಕ ಅರ್ಪಿತ ಎರಡು ವರ್ಷದ ಹಿಂದೆ ಇನ್ಯಾವುದೋ ಊರಿನ ಹಾಸ್ಟೆಲ್ ಸೇರಿದ್ದಳು. ಅಲ್ಲಿ ಯಾವ ಬಾಗಿಲಿಗೂ ಚಿಲಕವಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಒಂದು ದಿನ ಹಿಡಿದವಳು ಬಿಟ್ಟು ಹೋದಳು, ನೀರಿನ ಮೋಟರ್ ರಿಪೇರಿಗೆ ಬಂದವನು ತಳ್ಳಿಕೊಂಡು ಒಳಗೆ ಬಂದ. ಏನೂ ಆಗಲಿಲ್ಲ, ಅವನೂ ಹೆದರಿ ಓಡಿದ. ಆದರೆ ಅರ್ಪಿತ ಆ ವಾರವೇ ಊರಿಗೆ ಬಂದವಳು ಮತ್ತೆ ಹೋಗಲಿಲ್ಲ. ಕಾರಣವನ್ನು ಅಪ್ಪನಿಗೆ ಹೇಳಲಿಲ್ಲ, ಅಪ್ಪ ಓದಲು ಸೋಮಾರಿತನ ಅಂದುಕೊಂಡರು.

ನಾನು ಹಾಳಾದ ಝೆರಾಕ್ಸ್ ಹಾಳೆಯ ಹಿಂದೆ ಅವಳ ಪ್ರಶ್ನೆಗಳನ್ನೆಲ್ಲ ಬರೆದುಕೊಂಡೆ. ಆಮೇಲೆ ಬಂದ ಹುಡುಗಿಯರಿಗೂ ಆ ಹಾಳೆಯನ್ನೇ ತೋರಿಸಿದೆ. ‘ಚೆನ್ನಾಗಿದೆ’ ಅನ್ನುತ್ತಿದ್ದವರು ಪೆನ್ನು ಇಸಿದುಕೊಂಡು ತಾವೇ ಇನ್ನೆರಡು ಸೇರಿಸಿ ಹೋದರು. ಎಷ್ಟೋ ವರ್ಷದ ಮೇಲೆ ನನಗೂ ಕೆಲಸ ಮಾಡಬೇಕು ಅನ್ನಿಸಿತು. ಹೋಮ್ ಪೇಜಿನಲ್ಲಿ ಮುಖವೇ ಬೇಡ ಅಂತ ತೀರ್ಮಾನಿಸಿ, ಅವರ ಮಾತಿನಲ್ಲೇ ಪ್ರಶ್ನೆ, ಒಂದೊಂದು ಸಾಲಿನ ಉತ್ತರ, ಪಕ್ಕಕ್ಕೆ ಅಲ್ಲಿಯದೇ ಫೋಟೊಗೆ ಜಾಗ, ಅಷ್ಟೇ ಇಟ್ಟೆ. ಮನೆಗೊಂದೇ ಫೋನ್ ಇರುವ ಕಡೆ ಅಪ್ಪನ ನಂಬರ್ ಕೇಳಿದರೆ ಹುಡುಗಿ ಸೈಟನ್ನು ಅಲ್ಲೇ ಮುಚ್ಚುತ್ತಾಳೆ, ಹಾಗಾಗಿ ನಂಬರನ್ನೂ ಕೇಳಲಿಲ್ಲ. ಮಾದಯ್ಯನವರು ಮೊದಲು ಕೆಂಡವಾದರು. ಮಕ್ಕಳು ನಿಮ್ಮನ್ನೆಲ್ಲ ತೀರಿಕೊಂಡವರು ಅಂದುಕೊಂಡರು ಅಂತ ಹೇಳಿದ ಮೇಲೆ ಫೋಟೊಗಳನ್ನು ಹಿಂದಿನ ಪುಟಕ್ಕೆ ಹಾಕಲು ಒಪ್ಪಿದರು.

ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಒಂದು ದಿನ ಮುಂಚೆ ಫೋಟೊ ತೆಗೆಯಲು ತಿ. ನರಸೀಪುರಕ್ಕೆ ಹೋದೆ. ವಾರ್ಡನ್ ಚನ್ನಬಸಮ್ಮ ಎಲ್ಲ ತೋರಿಸಿದರು. ಅಡಿಗೆಮನೆ ಪರವಾಗಿಲ್ಲ, ಮುದ್ದೆ ಮಾಡುತ್ತಾರೆ. ಬಟ್ಟೆ ಒಣಹಾಕಲು ಮಹಡಿಯಲ್ಲಿ ಮರೆಯಿದೆ. ಹಿಂಭಾಗದಲ್ಲಿ ಸಾಲಾಗಿ ಆರು ಬಾತ್‌ರೂಮು. ಆರು ಬಾಗಿಲು ತೆಗೆದು ಒಳಗಡೆ ನೋಡಿದೆ. ಎರಡರಲ್ಲಿ ಚಿಲಕ ಇದ್ದ ಜಾಗದಲ್ಲಿ ತೂತು, ಮೂರರಲ್ಲಿ ಮೊಳೆಗೆ ಸುತ್ತಿದ ದಾರ, ಆರನೆಯದರಲ್ಲಿ ಅದೂ ಇಲ್ಲ. ಮೂರು ವರ್ಷದಿಂದ ಬರೆದು ಕೊಡುತ್ತಿದ್ದೇನೆ ಅಂತ ಚನ್ನಬಸಮ್ಮ ನಿಟ್ಟುಸಿರು ಬಿಟ್ಟರು. ಅಲ್ಲಿಂದಲೇ ಮಾದಯ್ಯನವರಿಗೆ ಫೋನ್ ಮಾಡಿದೆ.

“ಕಾಲೇಜು ಓಪನ್ ಆಗೋದ್ರೊಳ್ಗೆ ಆಕುಸ್ತೀನಿ ಕಣವ್ವ. ನೀನು ಒಂದ್ ಚಿಲ್ಕದ್ ಫೋಟೊ ಆಕ್ಬುಡು, ನಾಳೆ ರಿಸಲ್ಟು” ಅಂದರು.

ಇವತ್ತು ಹಾಕು, ನಾಳೆ ನಿಜ ಆಗುತ್ತೆ. ನನ್ನದೇ ಮಾತು, ಅವರ ಬಾಯಲ್ಲಿ. ವಾಪಸ್ ಬರುವ ಬಸ್ಸಿನಲ್ಲಿ ಸೀಟಿರಲಿಲ್ಲ, ಕಂಬಿ ಹಿಡಿದು ನಿಂತೇ ಬಂದೆ. ಮನೆಗೆ ಬಂದು ಮುಖ ತೊಳೆಯಲು ಹೋದಾಗ ನಮ್ಮ ಬಾತ್‌ರೂಮಿನ ಚಿಲಕ ಕಣ್ಣಿಗೆ ಬಿತ್ತು. ನೀಲಿ ಬಣ್ಣದ ಬಾಗಿಲು, ಹೊಳೆಯುವ ಸ್ಟೀಲ್ ಚಿಲಕ, ಹೋದ ವರ್ಷವೇ ಹಾಕಿಸಿದ್ದು. ಫೋನ್ ತೆಗೆದು ಹತ್ತಿರದಿಂದ ಒಂದು ಫೋಟೊ ಹೊಡೆದೆ. ‘ಬಾತ್‌ರೂಮಿಗೆ ಒಳಗಿಂದ ಚಿಲಕ ಇದೆಯಾ?’ ಅನ್ನುವ ಬಿಂದುಶ್ರೀಯ ಪ್ರಶ್ನೆಯ ಪಕ್ಕ ಅದನ್ನಿಟ್ಟು, ‘ಇದೆ’ ಅಂತ ಬರೆದೆ. ಸುಸ್ತಾಗಿತ್ತು ಅಂತ ಹೇಳಬಹುದು. ಸುಸ್ತಾಗಿದ್ದೂ ನಿಜ. ಆದರೆ ಸುಸ್ತಾದವರೆಲ್ಲ ಹಾಗೆ ಮಾಡುವುದಿಲ್ಲ.

ಸೈಟು ಓಡಿತು, ಹೇಳಬೇಕಾದ್ದೇ ಇಲ್ಲ. ಮುದ್ದೆಯ ಫೋಟೊಗಿಂತ, ಮಹಡಿಯ ಫೋಟೊಗಿಂತ ಆ ಚಿಲಕದ ಫೋಟೊವನ್ನೇ ಹುಡುಗಿಯರು ಒಬ್ಬರಿಂದ ಒಬ್ಬರಿಗೆ ಕಳಿಸಿದರು. ಬನ್ನೂರು, ಸೋಮನಾಥಪುರ, ಸರಗೂರು ಕಡೆಯಿಂದೆಲ್ಲ ಫೋನ್ ಬಂತಂತೆ. ಹದಿನೈದೇ ದಿನದಲ್ಲಿ ಹಾಸ್ಟೆಲ್ ತುಂಬಿತು. ಮಾದಯ್ಯನವರು ನನಗೆ ಒಂದು ಬುಟ್ಟಿ ಹಣ್ಣು ಕಳಿಸಿದರು. ಚಿಲಕ ಹಾಕಿಸಿದಿರಾ ಅಂತ ಎರಡು ಸಲ ಕೇಳಿದೆ, ಎರಡು ಸಲವೂ ‘ಆಯ್ತು ಬುಡವ್ವ’ ಅಂದರು. ಆಯ್ತು ಅಂದರೆ ಆಗಿದೆ ಅಂತಲೋ ಆಗುತ್ತೆ ಅಂತಲೋ, ನಾನು ಬಿಡಿಸಿ ಕೇಳಲಿಲ್ಲ.

ಹಾಸ್ಟೆಲ್ ಇನ್ನೂ ತುಂಬುತ್ತಿದ್ದ ದಿನಗಳಲ್ಲೇ ಬಿಂದುಶ್ರೀ ಅಪ್ಪನನ್ನು ಕರೆದುಕೊಂಡು ಅರ್ಜಿಯ ಪ್ರಿಂಟ್ ತೆಗೆಸಲು ಬಂದಳು. ಚಾಮಯ್ಯ ಮಾತು ಕಡಿಮೆಯ ಮನುಷ್ಯರು. ಮಗಳ ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದರು.

“ದೊಡ್ಡೋಳು ಎರಡ್ ತಿಂಗ್ಳಿಗೆ ವಾಪಸ್ ಬಂದ್ಬುಟ್ಲು ಕನವ್ವ. ಇವ್ಳೂ ಅಂಗೆ ಬಂದ್ರೆ ಮುಗೀತು, ಇನ್ನೊಂದ್ ದಪ ನಮ್ಮನೇಲಿ ಓದು ಅನ್ನೋ ಮಾತ್ ಎತ್ತಂಗಿಲ್ಲ. ನೀವ್ ಕಣ್ಣಾರ ನೋಡಿದ್ದೀರಾ ಆ ಆಸ್ಟೆಲ್ಲ?”

ನೋಡಿದ್ದೇನೆ ಅಂದೆ. ಬಿಂದುಶ್ರೀ ಅಪ್ಪನ ಹಿಂದಿನಿಂದ ನನ್ನ ಮುಖ ನೋಡುತ್ತಿದ್ದಳು. ಅವಳು ಏನು ಕೇಳುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ಫೋಟೊ ಹಾಕಿದ್ದೀನಲ್ಲಮ್ಮ ಅಂದೆ. ಅವಳು ನಕ್ಕಳು. ತನ್ನ ಸ್ಕೂಲಿನ ಇನ್ನೂ ನಾಲ್ಕು ಹುಡುಗಿಯರನ್ನು ಜೊತೆಗೆ ಸೇರಿಸುತ್ತಿದ್ದಾಳಂತೆ, ನಂಜನಗೂಡಿನ ಆಂಟಿ ನನ್ನ ಮಾತು ಕೇಳಿಯೇ ಸೈಟು ಮಾಡಿದ್ದು ಅಂತ ಎಲ್ಲರಿಗೂ ಹೇಳಿದ್ದಾಳಂತೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅನ್ನುತ್ತಾರಲ್ಲ, ಆ ಗಾದೆ ಅವತ್ತು ರಾತ್ರಿ ಊಟಕ್ಕೆ ಕೂತಾಗ ನೆನಪಾಯಿತು. ಮಾರನೆಯ ದಿನ ಎರಡು ಮದುವೆ ಕಾರ್ಡಿನ ಕೆಲಸ ಬಂತು, ಮರೆತೆ.

ಜೂನ್ ಕೊನೆಯ ಭಾನುವಾರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಅದು ಚನ್ನಬಸಮ್ಮನವರ ಫೋನು. ಭಾನುವಾರ ಒಬ್ಬೊಬ್ಬರಿಗೆ ಮೂರು ನಿಮಿಷ ಕೊಡುತ್ತಾರೆ, ಅದನ್ನೂ ಸೈಟಿನಲ್ಲಿ ನಾನೇ ಬರೆದಿದ್ದೆ. ಮನೆಗೆ ಮಾಡಬೇಕಾದ ಮೂರು ನಿಮಿಷದ ಫೋನನ್ನು ಬಿಂದುಶ್ರೀ ನನಗೆ ಮಾಡಿದ್ದಳು. ಚೆನ್ನಾಗಿದ್ದೀರಾ, ಊಟ ಆಯ್ತಾ ಅಂತೆಲ್ಲ ಕೇಳಿದಳು. ಪಾಠ ಚೆನ್ನಾಗಿದೆ, ಮುದ್ದೆ ಚೆನ್ನಾಗಿದೆ ಅಂದಳು. ಆಮೇಲೆ ಕೇಳಿದಳು.

“ಆಂಟಿ, ಫೋಟೊದಲ್ಲಿರೋ ಚಿಲ್ಕ ಯಾವ್ ಬಾತ್‌ರೂಮಿಂದು? ನಾವು ಆರೂ ನೋಡ್ದೊ.”

ದೂರುವ ದನಿಯಲ್ಲ. ಎಲ್ಲೋ ಒಂದಿದೆ, ತಮಗೇ ಕಾಣಲಿಲ್ಲ, ಕೇಳಿದರೆ ಆಂಟಿ ತೋರಿಸುತ್ತಾರೆ ಅನ್ನುವ ದನಿ. ಬರುತ್ತೇನೆ, ಬುಧವಾರ ನಾನೇ ಬರುತ್ತೇನೆ ಅಂತಷ್ಟೇ ಹೇಳಿ ಇಟ್ಟೆ.

ಮಾದಯ್ಯನವರಿಗೆ ಮಾಡಿದರೆ ಮೇಸ್ತ್ರಿ ಸಿಗುತ್ತಿಲ್ಲ, ಬರುವ ತಿಂಗಳು ಒಟ್ಟಿಗೆ ಪೇಂಟಿಂಗೂ ಮಾಡಿಸುತ್ತೇವೆ ಅಂದರು. ಬರುವ ತಿಂಗಳು ಆ ಹುಡುಗಿ ಅಲ್ಲಿರುತ್ತಾಳೆ ಅಂತ ಯಾರು ಹೇಳಿದರು? ನನಗೆ ರೇಗಿತು. ರೇಗಿದ್ದು ಅವರ ಮೇಲೋ ನನ್ನ ಮೇಲೋ ಬೇರೆ ಮಾಡಿ ನೋಡುವಷ್ಟು ತ್ರಾಣವಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಆರು ಚಿಲಕ, ಸ್ಕ್ರೂ ತೆಗೆದುಕೊಂಡು, ನಮ್ಮ ಬೀದಿಯ ಬಡಗಿ ದೇವರಾಜುವನ್ನು ಹೊರಡಿಸಿಕೊಂಡು, ಬುಧವಾರ ಮಧ್ಯಾಹ್ನ ಅಂಗಡಿಯ ಶಟರ್ ಎಳೆದು ಬಸ್ ಹತ್ತಿದೆ.

ನಾವು ಹೋದಾಗ ಹುಡುಗಿಯರು ಇನ್ನೂ ಕ್ಲಾಸಿನಲ್ಲಿದ್ದರು. ಬಾತ್‌ರೂಮಿನ ಗೋಡೆಗೆ ನೋಟ್‌ಬುಕ್ಕಿನ ಹಾಳೆಯೊಂದನ್ನು ಅನ್ನದ ಅಗುಳಿನಲ್ಲಿ ಅಂಟಿಸಿದ್ದರು. ಒಂದೇ ಸ್ಕೂಲಿನಿಂದ ಬಂದ ಆ ಐವರಲ್ಲಿ ಯಾವ ದಿನ ಯಾರು ಬಾಗಿಲು ಹಿಡಿಯುವುದು ಅನ್ನುವ ಪಟ್ಟಿ. ಏಳು ದಿನದಲ್ಲಿ ನಾಲ್ಕು ದಿನ ಬಿಂದುಶ್ರೀಯ ಹೆಸರಿತ್ತು. ಕರೆದುಕೊಂಡು ಬಂದವಳು ತಾನಲ್ಲವೇ, ಅದಕ್ಕೆ ತಾನೇ ಹೆಚ್ಚು ಹಿಡಿಯುತ್ತೇನೆ ಅಂತ ಹಟ ಮಾಡಿ ಬರೆಸಿಕೊಂಡಳು ಅಂತ ಚನ್ನಬಸಮ್ಮ ಹೇಳಿದರು. ಬೆಳಿಗ್ಗೆ ಐದಕ್ಕೇ ಬಂದು ನಿಲ್ಲುತ್ತಾಳಂತೆ, ಎಷ್ಟೋ ದಿನ ತನ್ನ ಸ್ನಾನ ಬಿಟ್ಟು ಕ್ಲಾಸಿಗೆ ಓಡುತ್ತಾಳಂತೆ. ಆ ಹಾಳೆಯ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ, ದೇವರಾಜು ಸ್ಕ್ರೂ ಕೇಳಿದಾಗಲೇ ಎಚ್ಚರವಾದದ್ದು.

ಬಾಗಿಲುಗಳು ನೀರು ಕುಡಿದು ಉಬ್ಬಿದ್ದವು. ದೇವರಾಜು ಬೈದುಕೊಂಡೇ ಮರದ ಪಟ್ಟಿ ಕೊಟ್ಟು, ಹೊಸ ತೂತು ಕೊರೆದು ಐದಕ್ಕೆ ಚಿಲಕ ಕೂರಿಸಿದ. ಆರನೆಯದಕ್ಕೆ ಚೌಕಟ್ಟಿನ ದಾರಂದವೇ ಗೆದ್ದಲು ತಿಂದು ಟೊಳ್ಳಾಗಿತ್ತು. ಸ್ಕ್ರೂ ತಿರುಗಿಸಿದರೆ ಪುಡಿ ಉದುರುತ್ತಿತ್ತು. ಇದು ಚಿಲಕದ ಕೆಲಸವಲ್ಲ ಅಕ್ಕ, ಬಾಗಿಲ ಕೆಲಸ ಅಂತ ಕೈ ಒರೆಸಿಕೊಂಡ.

ನಾಲ್ಕೂವರೆಗೆ ಹುಡುಗಿಯರು ಬಂದರು. ಬಿಂದುಶ್ರೀ ಇನ್ನೂ ಸಣಕಲಾಗಿದ್ದಳು. ಮೊದಲನೆಯ ಬಾಗಿಲಿನ ಚಿಲಕವನ್ನು ಹಾಕಿ ತೆಗೆದು ನೋಡಿದಳು, ಎರಡನೆಯದನ್ನೂ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, ಇವು ಕಪ್ಪಗಿವೆ, ಫೋಟೊದಲ್ಲಿದ್ದದ್ದು ಬೆಳ್ಳಗಿತ್ತು ಅಂದಳು. ಅವಳನ್ನು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಆ ಚಿಲಕ ನಮ್ಮ ಮನೆಯ ಬಾತ್‌ರೂಮಿನದ್ದು. ಇಲ್ಲಿ ಇರಲಿಲ್ಲ ಅಂತ ನನಗೆ ಗೊತ್ತಿತ್ತು. ನಿಮ್ಮಪ್ಪ ಕೇಳಿದಾಗಲೂ ಗೊತ್ತಿತ್ತು.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. ಭಾನುವಾರ ನಿಮ್ಮಪ್ಪ ನೋಡಲು ಬರುತ್ತಾರಂತಲ್ಲ, ಅವರಿಗೂ ನಾನೇ ಬಂದು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಅಂದೆ. ಆಗ ತಲೆಯೆತ್ತಿದಳು.

“ಬ್ಯಾಡ ಆಂಟಿ. ಬಂದ್ ದಿನ್ವೇ ಅಪ್ಪ ಫೋಟೊದಲ್ಲಿರೋದೆಲ್ಲ ಅದಾ ಅಂತ ಕೇಳ್ದಾಗ ನಾನೂ ಅದೆ ಅಂತ ಯೋಳ್ಬುಟ್ಟಿದ್ದೀನಿ. ಈಗ ನಿಜ ಆಯ್ತಲ್ಲ, ಬುಡಿ.”

ಹತ್ತೊಂಬತ್ತು ವರ್ಷದಿಂದ ನಾನು ಹೇಳಿಕೊಂಡು ಬಂದ ಮಾತು. ಕಾಲೇಜಿನ ಪಾಠ ಶುರುವಾಗಿ ತಿಂಗಳಾಗಿಲ್ಲ, ನನ್ನ ಪಾಠ ಅವಳಿಗೆ ಆಗಲೇ ಬಾಯಿಪಾಠವಾಗಿತ್ತು. ಹದಿನಾರು ವರ್ಷದ ಹುಡುಗಿಯರು ನೋಡಿ ಕಲಿಯುವಂಥ ಸೈಟು ಮಾಡಿದ್ದೆನಲ್ಲ. ನನಗೆ ಬಹಳ ನಾಚಿಕೆಯಾಯಿತು.

ಅವಳ ಪಕ್ಕದಲ್ಲೇ ಕೂತು ಫೋನಿನಲ್ಲಿ ಸೈಟು ತೆಗೆದೆ. ನಮ್ಮ ಮನೆಯ ಚಿಲಕವನ್ನು ಅಳಿಸಿದೆ. ಆರೂ ಬಾಗಿಲು ಕಾಣುವ ಹಾಗೆ ಒಂದು ಫೋಟೊ ತೆಗೆದು ಹಾಕಿ, ‘ಐದಕ್ಕೆ ಇದೆ, ಆರನೆಯದಕ್ಕೆ ಇಲ್ಲ’ ಅಂತ ಬರೆದೆ. ಬಿಂದುಶ್ರೀ ಬಗ್ಗಿ ಓದಿದಳು. ಹೀಗೆ ಹಾಕಿದರೆ ಬರುವ ವರ್ಷ ಯಾರು ಬರುತ್ತಾರೆ ಅಂದಳು. ಗೊತ್ತಿಲ್ಲ ಅಂದೆ, ನಿಜವಾಗಿಯೂ ಗೊತ್ತಿರಲಿಲ್ಲ. ಮಾದಯ್ಯನವರ ಫೋನು ನಾಳೆ ಬೆಳಿಗ್ಗೆ ಬರುತ್ತದೆ ಅನ್ನುವುದು ಮಾತ್ರ ಗೊತ್ತಿತ್ತು.

ಅವಳು ಒಳಗೆ ಹೋಗಿ ಬಕೆಟ್ಟು, ಟವೆಲ್ಲು ತಂದಳು. ಅಷ್ಟು ಹೊತ್ತಿಗೆ ಐದೂ ಬಾಗಿಲು ಒಳಗಿನಿಂದ ಹಾಕಿದ್ದವು, ಹುಡುಗಿಯರಿಗೆ ಹೊಸ ಚಿಲಕದ ಉತ್ಸಾಹ. ಇನ್ನೊಂದು ಹತ್ತು ನಿಮಿಷ ಕಾದರೆ ಒಂದಾದರೂ ಖಾಲಿಯಾಗುತ್ತಿತ್ತು. ಅವಳು ಕಾಯಲಿಲ್ಲ. ಆರನೆಯ ಬಾಗಿಲ ಮುಂದೆ ಹೋಗಿ ನಿಂತು ನನ್ನ ಕಡೆ ತಿರುಗಿದಳು.

“ನೀವ್ ಇಡ್ಕತೀರಾ ಆಂಟಿ?”

ಹಿಡ್ಕೊತೀನಿ ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿ ಒಳಗೆ ಹೋದಳು. ನಾನು ಬಾಗಿಲನ್ನು ಎಳೆದು, ಬೆನ್ನು ಕೊಟ್ಟು, ಹಿಂದಕ್ಕೆ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ನಿಂತೆ. ಗೇಟಿನ ಹತ್ತಿರದಿಂದ ದೇವರಾಜು ಐದೂಕಾಲಿನ ನಂಜನಗೂಡು ಬಸ್ಸಿಗೆ ಹೊತ್ತಾಯಿತು ಅಂತ ಕೂಗಿದ. ನೀನು ಹೋಗಪ್ಪ ಅಂತ ಸನ್ನೆ ಮಾಡಿದೆ. ಮೊದಲ ಚೊಂಬು ನೀರು ಬೀಳಲು ಬಹಳ ಹೊತ್ತು ಹಿಡಿಯಿತು.